ಅವರು ಕೇಳದಿದ್ದ ಕಾಲಂ

ಹೋದ ಶನಿವಾರ ಕುರುಗೋಡಿನ ಶಾಲೆಯಲ್ಲಿ ಕಪ್ಪುಹಲಗೆಗಳಿಗೆ ಮಸಿ ಹಚ್ಚಿಸಿದೆವು. ಇದ್ದಿಲನ್ನು ನುಣ್ಣಗೆ ಅರೆದು, ತೊಂಡೆಸೊಪ್ಪಿನ ರಸ ಬೆರೆಸಿ, ಹಲಗೆಗೆ ತಿಕ್ಕಿ ನೆರಳಲ್ಲಿ ಒಣಗಿಸುವುದು ನಮ್ಮ ಕಡೆಯ ರೂಢಿ. ಆ ಹಸಿ ವಾಸನೆ ಮಧ್ಯಾಹ್ನವೆಲ್ಲ ಕೋಣೆಯಲ್ಲಿತ್ತು. ನನಗೆ ಸಿರುಗುಪ್ಪದ ಹಲಗೆ ನೆನಪಾಯಿತು. ಮನೆಗೆ ಬಂದು ಎರಡು ವರ್ಷದ ಹಿಂದಿನ ಡೈರಿ ತೆಗೆದು ಏಪ್ರಿಲಿನಿಂದ ಜುಲೈವರೆಗಿನ ಪುಟಗಳನ್ನು ಒಂದೇ ಸಲ ಓದಿ ಮುಗಿಸಿದೆ. ಇಲ್ಲಿ ಬರೆದಿರುವುದು ಆ ಪುಟಗಳಿಂದ ಬಂದದ್ದು. ಅಲ್ಲಿ ಸಿಗದ್ದನ್ನು ನೆನಪಿನಿಂದ ತುಂಬಿದ್ದೇನೆ.

ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ನಾನು ಬಾದನಹಟ್ಟಿಯವನು. ಬಿ.ಎ. ಮುಗಿಸಿ ಸಿರುಗುಪ್ಪದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಪದವಿ ಇತ್ತು, ಬಿ.ಟಿ. ಇರಲಿಲ್ಲ. ತರಬೇತಿ ಇಲ್ಲದ ಪದವೀಧರನನ್ನು ವರ್ಷಕ್ಕೊಮ್ಮೆ ಅನುಮತಿ ಪಡೆದು ಇಟ್ಟುಕೊಳ್ಳುತ್ತಿದ್ದರು. ನನಗೆ ಮೂರನೆಯ ಅನುಮತಿ ನಡೆದಿತ್ತು, ಅದು ಜೂನ್ ಮೂವತ್ತಕ್ಕೆ ಮುಗಿಯುವುದಿತ್ತು. ನಾಲ್ಕನೆಯದು ಸಿಗುವುದಿಲ್ಲ ಎಂದು ಹೆಡ್‌ಮಾಸ್ತರು ಹನುಮಂತರಾಯರು ಮೊದಲೇ ಹೇಳಿದ್ದರು. ಅಷ್ಟರೊಳಗೆ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಕನ್ನಡ ತೆಲುಗು ಎರಡರಲ್ಲೂ ಪಾಠ ಹೇಳಬಲ್ಲವರಿಗೆಂದು ಆ ವರ್ಷ ನಮ್ಮ ಜಿಲ್ಲೆಗೆ ಎರಡು ಸೀಟು ಕೊಟ್ಟಿದ್ದರು. ಅರ್ಜಿ ಹಾಕಿದವರು ಐದು ಮಂದಿ.

ನನಗೆ ಧೈರ್ಯವಿತ್ತು. ನನ್ನ ನಾಲ್ಕನೆಯ ಫಾರಂ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಕಿಟಕಿಯ ಕಡೆಯ ಬೆಂಚುಗಳಲ್ಲಿ ಕನ್ನಡಕ್ಕೆ ಹೆಸರು ಕೊಟ್ಟ ಇಪ್ಪತ್ನಾಲ್ಕು, ಗೋಡೆಯ ಕಡೆ ತೆಲುಗಿನ ಹದಿನೇಳು. ಇಬ್ಬರು ಮಾಸ್ತರರನ್ನು ಹಾಕುವಷ್ಟು ಮಕ್ಕಳಿಲ್ಲದ್ದರಿಂದ ಒಬ್ಬನೇ ಎರಡರಲ್ಲೂ ಹೇಳಬೇಕಿತ್ತು. ನಾನು ಹಲಗೆಯ ನಟ್ಟನಡುವೆ ಗೆರೆ ಎಳೆಯುತ್ತಿದ್ದೆ. ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಹಾಜರಿಗೆ ಐದು ನಿಮಿಷ, ಕನ್ನಡದಲ್ಲಿ ಇಪ್ಪತ್ತು, ಅದೇ ಪಾಠ ತೆಲುಗಿನಲ್ಲಿ ಇಪ್ಪತ್ತು. ಒಂದು ಕಡೆಯ ಪಾಠ ನಡೆದಾಗ ಇನ್ನೊಂದು ಕಡೆಯವರು ಪುಸ್ತಕ ಮುಚ್ಚಿ ಕೈ ಕಟ್ಟಿ ಕೂರಬೇಕು. ಯಾವ ಬೆಂಚಿಗೆ ಯಾವ ಭಾಷೆಯೋ ಪ್ರಶ್ನೆಯೂ ಅದರಲ್ಲೇ. ಗದ್ದಲವಾಗಬಾರದು, ಯಾರಿಗೂ ಕಡಿಮೆಯಾಗಬಾರದು ಎಂದು ನಾನೇ ಮಾಡಿಕೊಂಡ ನಿಯಮ ಅದು. ಡೈರಿಯಲ್ಲಿ ದಿನದಿನದ ನಿಮಿಷಗಳಿವೆ. ವರ್ಷದ ಕೊನೆಗೆ ಕೂಡಿಸಿದಾಗ ಎರಡು ಭಾಷೆಗಳ ನಡುವೆ ಹನ್ನೊಂದು ನಿಮಿಷದ ವ್ಯತ್ಯಾಸ ಬಂದಿತ್ತು.

ಹನುಮಂತರಾಯರು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ ಶೇಖರಪ್ಪ, ಪಾಠ ಹೇಳ್ತೀರೋ, ತಕ್ಕಡಿ ಹಿಡದು ತೂಗ್ತೀರೋ?" ಎಂದಿದ್ದರು. ಅದನ್ನು ಮೆಚ್ಚುಗೆ ಎಂದೇ ತಿಳಿದು ಬರೆದುಕೊಂಡಿದ್ದೇನೆ.

ಮೇ ಹತ್ತಕ್ಕೆ ಬಳ್ಳಾರಿಯಲ್ಲಿ ಆಯ್ಕೆ. ಹಿಂದಿನ ದಿನವೇ ಹೋಗಿ ಸತ್ಯನಾರಾಯಣಪೇಟೆಯಲ್ಲಿ ಅಕ್ಕನ ಮನೆಯಲ್ಲಿ ಉಳಿದೆ. ಎದುರಿನ ಬಂಡೆಗುಡ್ಡ ಸಂಜೆ ಏಳಾದರೂ ಬಿಸಿ ಉಗುಳುತ್ತಿತ್ತು. ನಾನು ಅಂಗಳದಲ್ಲಿ ಕೈಗಡಿಯಾರ ಮುಂದಿಟ್ಟುಕೊಂಡು ಪಾಠ ಒಪ್ಪಿಸುತ್ತಿದ್ದರೆ ಅಕ್ಕ ಒಳಗಿನಿಂದ, "ಲೇ ತಮ್ಮಾ, ಒಂದು ಮಾತು ಎಷ್ಟು ಸರ್ತಿ ಹೇಳ್ತೀಯೋ? ನನಗ ಬಾಯಿಪಾಠ ಆತು. ಬಾ, ಉಣ್ಣು" ಎಂದಳು.

ಆಯ್ಕೆಗೆ ಊರಿನ ಒಂದು ಶಾಲೆಯ ಮಕ್ಕಳನ್ನು ರಜೆಯಲ್ಲಿ ಕರೆಸಿದ್ದರು. ಮೂವತ್ತೆಂಟು ಮಕ್ಕಳು, ಎರಡೂ ಭಾಷೆಯವರು. ಹಿಂದೆ ಮೂವರು ಕುರ್ಚಿಯಲ್ಲಿದ್ದರು. ಒಬ್ಬರು ಕನ್ನಡ ನೋಡಲು, ಒಬ್ಬರು ತೆಲುಗು ನೋಡಲು, ನಡುವೆ ಮದ್ರಾಸಿನಿಂದ ಬಂದ ಅಧ್ಯಕ್ಷರು. ಅಧ್ಯಕ್ಷರಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತಿತ್ತು. ತೆಳ್ಳಗೆ, ಬೋಳುತಲೆ, ಮಾತು ನಿಧಾನ.

ನಾನು ಗೆರೆ ಎಳೆದೆ. ತೆಲುಗಿನ ಬೆಂಚಿನವರಿಗೆ ಕೈ ಕಟ್ಟಿ ಕೂರಲು ಹೇಳಿ ತ್ರಿಕೋನದ ವಿಸ್ತೀರ್ಣವನ್ನು ಕನ್ನಡದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಸಿದೆ. ಸೀಮೆಸುಣ್ಣ ಬಲಕ್ಕೆ ತಂದು ತೆಲುಗಿನಲ್ಲಿ ಮೊದಲ ವಾಕ್ಯ ಹೇಳಿದ್ದೆ, ಅಧ್ಯಕ್ಷರು ಬೆರಳೆತ್ತಿದರು. ಕೈ ಕಟ್ಟಿ ಕೂತಿದ್ದ ಒಬ್ಬ ತೆಲುಗಿನ ಹುಡುಗನನ್ನು ಎಬ್ಬಿಸಿ, ನಾನು ಈಗಷ್ಟೇ ಕನ್ನಡದಲ್ಲಿ ಹೇಳಿದ್ದನ್ನು ಕೇಳಿದರು. ಹುಡುಗ ಬಿಡದೆ ಹೇಳಿದ. ಇನ್ನೊಬ್ಬ, ಮತ್ತೊಬ್ಬ. ಮೂವರೂ ಹೇಳಿದರು.

"ಇವರಿಗೆ ಆಗಲೇ ಗೊತ್ತಾಗಿದೆ. ಈಗ ಯಾರಿಗೆ ಹೇಳಲು ಹೊರಟಿದ್ದೀರಿ?" ಎಂದರು ಅಧ್ಯಕ್ಷರು.

"ಎಲ್ಲರಿಗೂ ಎರಡೂ ಬರುವುದಿಲ್ಲ ಸಾರ್."

"ಒಪ್ಪಿದೆ. ನಿಮ್ಮ ಸಿರುಗುಪ್ಪದಲ್ಲಿ ಒಂದೇ ಭಾಷೆ ಬರುವವರು ಎಷ್ಟು ಮಂದಿ?"

ಅವರ ಮೇಜಿನ ಮೇಲೆ ಹನುಮಂತರಾಯರ ಶಿಫಾರಸು ಪತ್ರವಿತ್ತು. ಅದನ್ನು ಓದಿ, "ಈತ ಎಲ್ಲವನ್ನೂ ಎಣಿಸಿ ಬರೆದಿಡುತ್ತಾರೆ ಅಂತ ನಿಮ್ಮ ಹೆಡ್‌ಮಾಸ್ತರು ಬರೆದಿದ್ದಾರೆ. ಪಾಠ ಎಣಿಸಿದ್ದೀರಿ, ನಿಮಿಷ ಎಣಿಸಿದ್ದೀರಿ. ಇದನ್ನು?" ಎಂದರು.

"ಎಣಿಸಿಲ್ಲ ಸಾರ್."

"ಇಪ್ಪತ್ತೈದಕ್ಕೆ ನಾವು ಪಟ್ಟಿ ಕಳಿಸಬೇಕು. ಅಷ್ಟರೊಳಗೆ ಎಣಿಸಿ ತನ್ನಿ. ಆಮೇಲೆ ನೋಡೋಣ."

ಅರ್ಜಿ ಹಾಕಿದ ಉಳಿದ ನಾಲ್ವರಿಗೆ ಅವರು ಯಾವ ಕೆಲಸವನ್ನೂ ಕೊಡಲಿಲ್ಲ ಎಂದು ಹೊರಗೆ ವಿಚಾರಿಸಿ ತಿಳಿದುಕೊಂಡೆ. ಇದರಿಂದ ನಾನು ಮುಂದಿದ್ದೇನೋ ಹಿಂದಿದ್ದೇನೋ ಗೊತ್ತಾಗಲಿಲ್ಲ.

ಹನ್ನೆರಡಕ್ಕೆ ಸಿರುಗುಪ್ಪಕ್ಕೆ ವಾಪಸಾದೆ. ಶಾಲೆಗೆ ಬೀಗ. ಹೊಳೆಯಲ್ಲಿ ನೀರು ಒಂದು ಸೆರಗಿನಷ್ಟು. ಗದ್ದೆಗಳಲ್ಲಿ ಕೂಳೆ ಒಣಗಿತ್ತು. ಹಾಜರಿ ಪುಸ್ತಕದಿಂದ ನಲವತ್ತೊಂದು ಹೆಸರು, ತಂದೆಯ ಹೆಸರು, ಓಣಿ ಬರೆದುಕೊಂಡೆ. ಊರಿನೊಳಗೆ ಇಪ್ಪತ್ತೊಂಬತ್ತು ಮನೆ, ಸುತ್ತಲ ಹಳ್ಳಿಗಳಲ್ಲಿ ಹನ್ನೆರಡು. ದಿನಕ್ಕೆ ಐದು ಮನೆಯಂತೆ ಒಂಬತ್ತು ದಿನ ಸಾಕು ಎಂದು ಲೆಕ್ಕ ಹಾಕಿದೆ.

ಆ ಲೆಕ್ಕ ಮೊದಲ ದಿನವೇ ತಪ್ಪಿತು. ಬಳ್ಳಾರಿ ಕನ್ನಡದ ಮೈಸೂರಿಗೆ ಸೇರಬೇಕೋ ತೆಲುಗು ನಾಡಿಗೋ ಎಂಬ ಮಾತು ಕಾವೇರಿದ್ದ ಕಾಲ ಅದು. ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ. ಅಂಥ ಹೊತ್ತಿನಲ್ಲಿ ನಾನು ನೋಟ್‌ಬುಕ್ ಹಿಡಿದು ಬಾಗಿಲು ಬಾಗಿಲಿಗೆ ಹೋಗಿ, ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ಕೇಳುತ್ತಿದ್ದೆ. ಇದು ನನಗೆ ಹೊಳೆದಿರಲಿಲ್ಲ.

ಮೊದಲ ಮನೆ ಒಬ್ಬ ಬಟ್ಟೆ ವ್ಯಾಪಾರಿಯದು. ಅವರು ಪೆನ್ಸಿಲನ್ನೇ ನೋಡುತ್ತ, "ಯಾರು ಕಳಿಸ್ಯಾರ ನಿಮ್ಮನ್ನ? ಮದ್ರಾಸಿನವರೋ, ಮೈಸೂರಿನವರೋ?" ಎಂದರು.

"ಯಾರೂ ಅಲ್ಲರೀ. ನಾನು ನಿಮ್ಮ ಹುಡುಗನ ಲೆಕ್ಕದ ಮಾಸ್ತರ."

"ಲೆಕ್ಕದ ಮಾಸ್ತರಗ ಮಾತಿನ ಉಸಾಬರಿ ಯಾಕ್ರಿ? ಕುಂದರ್ರಿ, ಮಜ್ಜಿಗಿ ಕುಡೀರಿ, ಹೋಗ್ರಿ."

ಎರಡನೆಯ ಮನೆಯ ಯಜಮಾನರು ಎದೆಯುಬ್ಬಿಸಿ, "ಬರಕೋರಿ, ಅಚ್ಚ ಕನ್ನಡ" ಎಂದು, ಒಳಗೆ ತಿರುಗಿ "ಏಮೇ, ಮಾಸ್ಟರುಗಾರಿಕಿ ನೀಳ್ಳು ತೀಸುಕೊನಿ ರಾ" ಎಂದು ತೆಲುಗಿನಲ್ಲಿ ನೀರಿಗೆ ಕೂಗಿದರು. ನಾನು ಏನು ಬರೆದುಕೊಳ್ಳಬೇಕೋ ತಿಳಿಯದೆ ನೀರು ಕುಡಿದು ಎದ್ದೆ. ಮರುದಿನ ಸಂಜೆ ನನ್ನ ಕೋಣೆಗೆ ಎರಡು ಗುಂಪು ಬಂದವು. ಮೊದಲು ಬಂದವರು, ಅನುಮಾನದ ಹೆಸರುಗಳನ್ನೆಲ್ಲ ಕನ್ನಡಕ್ಕೆ ಹಾಕಬೇಕು ಎಂದರು. ಅರ್ಧ ಗಂಟೆಯ ಮೇಲೆ ಬಂದವರು ತೆಲುಗಿಗೆ ಎಂದರು. ಎರಡೂ ಗುಂಪಿನವರು ನನ್ನನ್ನು ಒಳ್ಳೆಯ ಮಾಸ್ತರ ಎಂದು ಹೊಗಳಿದರು. ಎರಡು ದಿನಕ್ಕೆ ಏಳು ಮನೆ, ನಂಬುವಂಥ ಉತ್ತರ ಒಂದೂ ಇಲ್ಲ.

ಹದಿನೈದಕ್ಕೆ ಹನುಮಂತರಾಯರು ಕರೆಸಿದರು. ಅವರ ಮನೆಮಾತು ತೆಲುಗು, ಬೈಯುವುದು ಮಾತ್ರ ಕನ್ನಡದಲ್ಲಿ. "ಊರಿಗೆ ಬೆಂಕಿ ಹಚ್ಚಾಕ ಹತ್ತೀರೇನ್ರಿ? ನನ್ನ ಮನಿಗೆ ಬಂದು ಕೇಳಿದ್ರ ನಾನೂ ಸುಳ್ಳು ಹೇಳ್ತಿದ್ದೆ."

"ಕೇಳದೆ ಹೆಂಗ ಗೊತ್ತಾಗಬೇಕ್ರಿ ಸಾರ್?"

"ನೀವು ಯಾರು? ಲೆಕ್ಕದ ಮಾಸ್ತರ. ಹುಡುಗರಿಗೆ ಲೆಕ್ಕ ಕೊಡ್ರಿ. ಅಪ್ಪಂದಿರ ಗೊಡವಿ ಬಿಡ್ರಿ."

ಆ ರಾತ್ರಿ ಎರಡು ಬಾಯಿಲೆಕ್ಕ ಮಾಡಿದೆ. ಕನ್ನಡದ್ದು: ಗಂಟೆಗೆ ಎರಡೂವರೆ ಮೈಲಿ ಹೋಗುವ ಬಂಡಿ ಬೆಳಿಗ್ಗೆ ಆರಕ್ಕೆ ಹೊರಟರೆ ಹತ್ತು ಮೈಲಿ ದೂರದ ಊರನ್ನು ಎಷ್ಟು ಗಂಟೆಗೆ ಸೇರುತ್ತದೆ? ತೆಲುಗಿನದು: ಮೂರು ಆಳು ಎಂಟು ದಿನದಲ್ಲಿ ಕೊಯ್ಯುವ ಗದ್ದೆಯನ್ನು ನಾಲ್ಕು ಆಳು ಎಷ್ಟು ದಿನದಲ್ಲಿ ಕೊಯ್ಯುತ್ತಾರೆ? ಯಾವ ಭಾಷೆ ಎಂದು ಕೇಳುವುದೇ ಬೇಡ. ರಜೆಯಲ್ಲಿ ಮಕ್ಕಳು ಲೆಕ್ಕ ಮರೆತಿದ್ದಾರೋ ನೋಡಲು ಬಂದೆ ಎಂದು ಹೇಳಿ, ಎರಡನ್ನೂ ಬಾಯಲ್ಲಿ ಹೇಳುವುದು. ಉತ್ತರ ತಪ್ಪಾದರೂ ಚಿಂತೆಯಿಲ್ಲ, ಪ್ರಶ್ನೆ ತಿಳಿಯಿತೋ ಇಲ್ಲವೋ ಮುಖದಲ್ಲೇ ಕಾಣುತ್ತದೆ.

ಇದು ಕೈ ಹಿಡಿಯಿತು. ಊರಿನವರಿಗೆ ಸಂಶಯ ಹೋಗಿ ಮೋಜು ಹತ್ತಿತು. ಮಕ್ಕಳಿಗಿಂತ ಮೊದಲು ಅಜ್ಜಂದಿರು ಉತ್ತರ ಹೇಳತೊಡಗಿದರು. ಒಂದು ಮನೆಯಲ್ಲಿ ಹುಡುಗ "ಹತ್ತು ಗಂಟಿ" ಎಂದ ಕೂಡಲೇ ಅವನ ತಾಯಿ, "ಸುಳ್ಳು. ಎತ್ತಿಗೆ ನೀರು ಕುಡಿಸೋದು ಬ್ಯಾಡೇನ್ರಿ? ಹನ್ನೊಂದಾಗತೈತಿ" ಎಂದಳು. ತೆಲುಗಿನ ಗದ್ದೆಯ ಲೆಕ್ಕಕ್ಕೆ ಒಬ್ಬ ಮುದುಕರು, ನಾಲ್ಕನೆಯ ಆಳು ಯಾರ ಪೈಕಿ ಎಂದು ಹೇಳಿದರೆ ಮಾತ್ರ ದಿನ ಹೇಳುತ್ತೇನೆ ಎಂದು ಕೂತರು. ಹದಿನಾರಕ್ಕೆ ಏಳು ಮನೆ, ಹದಿನೇಳಕ್ಕೆ ಒಂಬತ್ತು. ಹಳ್ಳಿಗಳಿಗೆ ಬೆಳಿಗ್ಗೆ ಐದಕ್ಕೆ ಹೊರಟು ಹತ್ತರೊಳಗೆ ತಿರುಗಿ ಬರುತ್ತಿದ್ದೆ. ಎರಡು ದಿನ ತಲೆಸುತ್ತು ಬಂದು ಒಂದು ಬೇವಿನ ಕೆಳಗೆ ಮಲಗಿದ್ದು ಡೈರಿಯಲ್ಲಿದೆ.

ಹತ್ತೊಂಬತ್ತರಂದು ಹುಲಿಗೆಮ್ಮನ ಮನೆಗೆ ಹೋದೆ. ಊರ ಹೊರಗೆ, ಅಕ್ಕಿ ಮಿಲ್ಲಿನ ಹಿಂದಿನ ಸಾಲುಮನೆ. ಅವಳ ತಂದೆ ತಿಪ್ಪಣ್ಣ ಮಿಲ್ಲಿನ ಹಮಾಲ. ಹುಲಿಗೆಮ್ಮ ನನ್ನ ತೆಲುಗಿನ ಬೆಂಚಿನವಳು, ಗೋಡೆಯ ಕಡೆ ಕೊನೆಯ ಸಾಲು. ನಾನು ಮೊದಲು ತೆಲುಗಿನ ಲೆಕ್ಕ ಹೇಳಿದೆ. ಅವಳು ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಮತ್ತೊಮ್ಮೆ ನಿಧಾನವಾಗಿ ಹೇಳಿದೆ. ಇಲ್ಲ. ಬಂಡಿಯ ಲೆಕ್ಕವನ್ನು ಕನ್ನಡದಲ್ಲಿ ಶುರು ಮಾಡಿದೆ. ನಾನು "ಹತ್ತು ಮೈಲಿ" ಎನ್ನುವಷ್ಟರಲ್ಲಿ "ಹತ್ತಕ್ಕ ಮುಟ್ಟತೈತ್ರಿ" ಎಂದಳು.

ಆಗ ಗದ್ದೆಯ ಲೆಕ್ಕವನ್ನು ಕನ್ನಡದಲ್ಲಿ ಹೇಳಿದೆ. "ಆರು ದಿನ್ರಿ."

ತಿಪ್ಪಣ್ಣ ಮೈಮೇಲಿನ ತೌಡು ಕೊಡವುತ್ತ ನಿಂತಿದ್ದ. ಅವನ ಹೆಂಡತಿಯ ತವರು ಕೊಪ್ಪಳದ ಕಡೆ. ಹುಡುಗಿ ಅಲ್ಲಿಯೇ ಬೆಳೆದು ಎರಡು ವರ್ಷದ ಕೆಳಗೆ ಇಲ್ಲಿಗೆ ಬಂದವಳು, ತೆಲುಗು ಕಿವಿಗೆ ಬಿದ್ದದ್ದೇ ಕಡಿಮೆ.

"ಮತ್ತ ತೆಲುಗಿಗೆ ಯಾಕ ಹೆಸರು ಕೊಟ್ಟಿ ತಿಪ್ಪಣ್ಣ?"

"ಮಿಲ್ಲಿನ ಗುಮಾಸ್ತರೆಲ್ಲಾ ತೆಲುಗಿನ್ಯಾಗ ಬರೀತಾರ್ರಿ. ಏನು ಬರದ್ರೂ ನಮಗ ತಿಳಿಯಂಗಿಲ್ಲ. ಮನ್ಯಾಗ ಒಬ್ಬರಾದ್ರೂ ಓದಾಕ ಕಲೀಲಿ ಅಂತ ಕೊಟ್ಟೆ. ಈಗ ಆ ಮಾತು ಯಾಕ್ರಿ? ಸಾಲಿ ಬಿಡಿಸೀನಲ್ಲ."

"ಯಾಕ ಬಿಡಿಸಿದಿ?"

"ನೀವೇ ಬರದು ಕಳಿಸಿದ್ರಿ. ಗುಮಾಸ್ತರ ಕಡಿಂದ ಓದಿಸಿದೆ. ಆಕೀಗೆ ತಲಿ ಇಲ್ಲ ಅಂದ್ರು. ನಾಳಿಯಿಂದ ಅವರವ್ವನ ಸಂಗಟ ನುಚ್ಚು ಕೇರಾಕ ಬರ್ತಾಳ."

ಏಪ್ರಿಲಿನಲ್ಲಿ ನಾನು ಕಳಿಸಿದ ಪ್ರಗತಿ ಪತ್ರದಲ್ಲಿ 'ಬುದ್ಧಿ ಮಂದ' ಎಂಬ ಎರಡು ಪದ ಇದ್ದವು. "ಹುಡುಗಿ ಜಾಣಿ ಅದಾಳ ತಿಪ್ಪಣ್ಣ, ಸಾಲಿಗೆ ಕಳಿಸು" ಎಂದೆ.

ಅವನು ಸಿಟ್ಟು ಮಾಡಲಿಲ್ಲ. "ಹೋದ ತಿಂಗಳು ತಲಿ ಇಲ್ಲ ಅಂದ್ರಿ. ಈ ತಿಂಗಳು ಐತಿ ಅಂತೀರಿ. ಒಂದು ತಿಂಗಳದಾಗ ಎಲ್ಲಿಂದ ಬಂತ್ರಿ?" ಎಂದು ಚೀಲ ಹೊರಲು ಹೋದ.

ಕೋಣೆಗೆ ಬಂದು ಡೈರಿ ನೋಡಿದೆ. ಆ ವರ್ಷ ಹುಲಿಗೆಮ್ಮನಿಗೆ ನಾನು ಹತ್ತೊಂಬತ್ತು ಪ್ರಶ್ನೆ ಕೇಳಿದ್ದೆ. ಹತ್ತೊಂಬತ್ತೂ ತೆಲುಗಿನಲ್ಲಿ. ಉತ್ತರ ಸೊನ್ನೆ. ಕನ್ನಡದ ಇಪ್ಪತ್ತು ನಿಮಿಷದಲ್ಲಿ ಅವಳು ನನ್ನ ನಿಯಮದಂತೆ ಪುಸ್ತಕ ಮುಚ್ಚಿ ಕೈ ಕಟ್ಟಿ ಕೂತಿದ್ದಳು.

ಇಪ್ಪತ್ತೆರಡಕ್ಕೆ ಎಣಿಕೆ ಮುಗಿಯಿತು. ಎರಡೂ ಭಾಷೆ ತಿಳಿಯುವವರು ಮೂವತ್ತೈದು. ಕನ್ನಡ ಮಾತ್ರ ನಾಲ್ವರು, ತೆಲುಗು ಮಾತ್ರ ಇಬ್ಬರು. ಈ ಆರು ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಮುಂದೆ ಅವರವರ ಬೆಂಚು ಬರೆದೆ. ಆರರಲ್ಲಿ ನಾಲ್ವರು ತಮಗೆ ತಿಳಿಯದ ಭಾಷೆಯ ಬೆಂಚಿನಲ್ಲಿದ್ದರು, ಅಪ್ಪಂದಿರು ಯಾವುದೋ ಆಸೆಗೆ ಹೆಸರು ಕೊಟ್ಟಿದ್ದರಿಂದ. ಅದರ ಮುಂದೆ ಇನ್ನೊಂದು ಕಾಲಂ ಎಳೆದು ವಾರ್ಷಿಕ ಪರೀಕ್ಷೆಯಲ್ಲಿ ಅವರ ಲೆಕ್ಕದ ಫಲಿತಾಂಶ ಹಾಕಿದೆ. ಆರರಲ್ಲಿ ಐವರು ನಪಾಸು.

ಇಪ್ಪತ್ಮೂರರ ರಾತ್ರಿ ಸತ್ಯನಾರಾಯಣಪೇಟೆಯಲ್ಲಿ ಅಕ್ಕ ಆ ಹಾಳೆ ನೋಡಿದಳು. ಅವಳು ಓದಿದ್ದು ಐದನೆಯ ಇಯತ್ತೆ, ಆದರೆ ಕಾಲಂ ಚೆನ್ನಾಗಿ ತಿಳಿಯುತ್ತಿತ್ತು. ನಪಾಸಿನ ಕಾಲಂ ತೋರಿಸಿ ಕೇಳಿದಳು.

"ಇದನ್ನ ಅವರು ಕೇಳ್ಯಾರೇನು?"

"ಇಲ್ಲ."

"ಮತ್ತ ಯಾಕ ಕೊಡ್ತೀ? ನನ್ನ ಪಾಠ ಸುಮಾರು ಐತಿ ಅಂತ ನೀನೇ ಬರಕೊಟ್ಟಂಗ ಆಗತೈತಿ. ನೌಕರಿ ಹೋದ್ರ ಬಾದನಹಟ್ಟಿಗೆ ಹೋಗಿ ಅಣ್ಣನ ಸಂಗಟ ಹೊಲದಾಗ ರಂಟಿ ಹೊಡೀತೀ ಏನು? ನಿನಗ ಬಾರುಕೋಲು ಹಿಡಿಯಾಕೂ ಬರಂಗಿಲ್ಲ."

ಅವಳು ಹೇಳಿದ್ದು ಸರಿಯಿತ್ತು. ಆ ಕಾಲಂ ಬಿಟ್ಟು ಇನ್ನೊಂದು ಹಾಳೆ ಬರೆದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಎರಡನೆಯದರಲ್ಲಿ ಸುಳ್ಳಿರಲಿಲ್ಲ. ಆದರೆ ಹುಲಿಗೆಮ್ಮನ ಹೆಸರಿನ ಮುಂದೆ ಖಾಲಿ ಇತ್ತು, ಅಲ್ಲಿ ಏನಿರಬೇಕೆಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಮೊದಲನೆಯ ಹಾಳೆಯನ್ನೇ ಮಡಿಸಿ ಜೇಬಿಗೆ ಹಾಕಿಕೊಂಡೆ. ಅಕ್ಕ ನೋಡಿದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಧ್ಯಕ್ಷರು ಆಯ್ಕೆ ನಡೆದ ಶಾಲೆಯ ವರಾಂಡದಲ್ಲಿ ಹೊರಡುವ ಸಿದ್ಧತೆಯಲ್ಲಿದ್ದರು. ನಿಂತೇ ಹಾಳೆ ಓದಿದರು.

"ಈ ಕೊನೆಯ ಕಾಲಂ ನಾನು ಕೇಳಿರಲಿಲ್ಲ."

"ಇಲ್ಲ ಸಾರ್."

"ಇದರಿಂದ ನಿಮಗೆ ಅನುಕೂಲವಿಲ್ಲ."

"ಇಲ್ಲ ಸಾರ್."

ಅವರು ಹುಲಿಗೆಮ್ಮನ ಹೆಸರಿನ ಮೇಲೆ ಬೆರಳಿಟ್ಟು, "ಈ ಹುಡುಗಿ ಈಗ ಎಲ್ಲಿದ್ದಾಳೆ?" ಎಂದರು. ನುಚ್ಚು ಕೇರಲು ಹೋಗುತ್ತಿದ್ದಾಳೆ ಎಂದೆ. ಹಾಳೆಯನ್ನು ಉಳಿದ ಕಾಗದಗಳ ನಡುವೆ ಇಟ್ಟರು. "ಸರಿ, ಹೋಗಿ ಬನ್ನಿ."

ಮುಂದಿನ ಇಪ್ಪತ್ನಾಲ್ಕು ದಿನ ಡೈರಿಯಲ್ಲಿ ಹವಾಮಾನ ಬಿಟ್ಟು ಹೆಚ್ಚೇನಿಲ್ಲ. ಜೂನ್ ನಾಲ್ಕಕ್ಕೆ ಗಾಳಿ, ಒಂಬತ್ತಕ್ಕೆ ನಾಲ್ಕು ಹನಿ, ಹದಿಮೂರಕ್ಕೆ ಧೂಳು. ಶಾಲೆ ತೆರೆದಾಗ ಹಲಗೆಯ ಮೇಲೆ ಗೆರೆ ಎಳೆಯಲಿಲ್ಲ. ಮಕ್ಕಳನ್ನು ಕಲೆಸಿ ಕೂರಿಸಿ, ಒಂದು ಮಾತನ್ನು ಒಂದೇ ಸಲ, ಒಂದನ್ನು ಕನ್ನಡದಲ್ಲಿ ಮುಂದಿನದನ್ನು ತೆಲುಗಿನಲ್ಲಿ ಹೇಳಿ, ಉಳಿದ ಹೊತ್ತನ್ನು ಆ ಆರರಲ್ಲಿ ಬಂದಿದ್ದ ಐವರ ಬಳಿ ಕೂತು ಕಳೆದೆ. ಆರನೆಯವಳು, ಹುಲಿಗೆಮ್ಮ, ಬಂದಿರಲಿಲ್ಲ. ಎರಡು ಸಲ ಮಿಲ್ಲಿಗೆ ಹೋದೆ. ತಿಪ್ಪಣ್ಣ ಎರಡು ಸಲವೂ ಕೆಲಸವಿದೆ ಎಂದ.

ಹದಿನೇಳಕ್ಕೆ ಪತ್ರ ಬಂತು. ಎರಡು ಸೀಟಿನಲ್ಲಿ ಒಂದು ನನ್ನದು. ಜುಲೈ ಒಂದಕ್ಕೆ ಹಾಜರಾಗಬೇಕು. ಹನುಮಂತರಾಯರು ಓದಿ, "ಯಾಕ ಕೊಟ್ರೋ ಅವರಿಗೇ ಗೊತ್ತು" ಎಂದು ಬೆನ್ನು ತಟ್ಟಿದರು. ನನಗೂ ಇವತ್ತಿನವರೆಗೆ ಖಚಿತವಾಗಿ ಗೊತ್ತಿಲ್ಲ.

ನನ್ನ ಜಾಗಕ್ಕೆ ರೂಪನಗುಡಿಯ ಪಂಪಾಪತಿ ಎಂಬ ಹುಡುಗ ಬಂದ. ಬಿ.ಎ. ಮುಗಿದು ಒಂದು ತಿಂಗಳಾಗಿತ್ತು, ಹೊಸ ಚಪ್ಪಲಿ ಕಿರ್ ಎನ್ನುತ್ತಿದ್ದವು. ಇಪ್ಪತ್ತೊಂಬತ್ತಕ್ಕೆ, ನಾನು ಹೊರಡುವ ದಿನ, ಅವನನ್ನು ಕರೆದುಕೊಂಡು ಮಿಲ್ಲಿಗೆ ಹೋದೆ. ಹುಲಿಗೆಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ತಿಪ್ಪಣ್ಣ ನಮ್ಮಿಬ್ಬರನ್ನೂ ನೋಡಿದ.

"ನೀವು ಊರು ಬಿಟ್ಟು ಹೊಂಟೀರಿ. ನಾಳೆ ಈ ಮಾಸ್ತರ ಮತ್ತ ತಲಿ ಇಲ್ಲ ಅಂದ್ರ?"

"ಬೇಕಾದ್ರ ಬರದು ಕೊಡ್ತೀನಿ ತಿಪ್ಪಣ್ಣ."

"ಬರದದ್ದು ಬ್ಯಾಡ್ರಿ. ಬರದದ್ದು ನೋಡೀನಿ." ಅವನು ಪಂಪಾಪತಿಯ ಕಡೆ ತಿರುಗಿದ. "ಒಂದು ವಾರ ದಿನಾ ನೀವೇ ಬಂದು ಕರಕೊಂಡು ಹೋಗ್ರಿ. ಬೇಕಾದಾಕಿ ಅಂದ್ರ ಕರಿಯಾಕ ಬರ್ತೀರಿ. ಬರಲಿಲ್ಲ ಅಂದ್ರ ನನಗ ತಿಳೀತು."

ಮಿಲ್ಲಿನಿಂದ ಶಾಲೆಗೆ ಒಂದೂವರೆ ಮೈಲಿ. ಪಂಪಾಪತಿ ಆ ಬಯಲು ದಾರಿ ನೋಡಿ ನನ್ನ ಕಿವಿಯಲ್ಲಿ, "ಬಿಸಲು ಭಾಳ ಐತ್ರಿ ಸಾರ್" ಎಂದ. ನಾನು ನನ್ನ ಛತ್ರಿ ಕೊಟ್ಟು ಹತ್ತು ಗಂಟೆಯ ಬಸ್ಸಿಗೆ ಹೋದೆ.

ಕಾಲೇಜಿಗೆ ಸೇರಿದ ಎರಡನೆಯ ವಾರ ಅವನ ಕಾರ್ಡು ಬಂತು. ಎರಡೇ ಸಾಲು: "ಆರು ದಿನ ಹೋದೆ, ಆರೂ ದಿನ ಬಂದಳು. ನಿಮ್ಮ ಛತ್ರಿಯ ಒಂದು ಕಡ್ಡಿ ಮುರಿದಿದೆ, ಕ್ಷಮಿಸಬೇಕು."